ಮೋಟೋಕ್ರಾಸ್ ಸವಾರರಿಗೆ ಎದೆ ಮತ್ತು ಮೇಲ್ದೇಹದ ರಕ್ಷಾಕವಚ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿ ಹಾಗೂ ಕೆ.ಜಿ.ಎಫ್. ಸುತ್ತಮುತ್ತಲಿನ ಪ್ರದೇಶವು ಕಲ್ಲು, ಗರಸು ಮಣ್ಣು ಮತ್ತು ಏರುತಗ್ಗುಗಳಿಂದ ಕೂಡಿದ ನೆಲವಾಗಿದೆ. ಇಂತಹ ನೆಲದಲ್ಲಿ ಮೋಟಾರ್ ಸೈಕಲ್ ಓಡಿಸುವ ಕ್ರೀಡೆಯನ್ನು ಕಲಿಯಬಯಸುವ ಯುವಜನರು, ಅವರ ಪೋಷಕರು ಹಾಗೂ ಸ್ಪರ್ಧೆ ನಡೆಸಲು ಅನುಮತಿ ಕೋರುವ ಸಂಘ ಸಂಸ್ಥೆಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹೆಲ್ಮೆಟ್ ಧರಿಸಬೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಎದೆ, ಬೆನ್ನು, ಭುಜಗಳಿಗೂ ಕವಚ ಬೇಕೇ, ಬೇಕಾದಲ್ಲಿ ಎಂತಹದು ಬೇಕು ಎಂಬ ಪ್ರಶ್ನೆಗೆ ಸಂಕ್ಷಿಪ್ತ ಉತ್ತರ ಹೀಗಿದೆ: ಮೋಟೋಕ್ರಾಸ್ ಸವಾರರು ಅಭ್ಯಾಸದಲ್ಲಿಯೂ ಸ್ಪರ್ಧೆಯಲ್ಲಿಯೂ ಎದೆ ಮತ್ತು ಬೆನ್ನಿನ ಕವಚವನ್ನು ಧರಿಸತಕ್ಕದ್ದು. ಆದರೆ ಮಾರುಕಟ್ಟೆಯಲ್ಲಿ ಎದೆಗವಚವೆಂದು ಮಾರಾಟವಾಗುವ ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ಸಿಡಿಯುವ ಕಲ್ಲನ್ನು ಮಾತ್ರ ತಡೆಯುತ್ತವೆ. ಕೆಲವು ಬಿದ್ದ ಪೆಟ್ಟನ್ನೂ ತಗ್ಗಿಸುತ್ತವೆ. ಈ ವ್ಯತ್ಯಾಸವನ್ನು ಅರಿಯದೆ ಕವಚ ಧರಿಸಿದ ಸವಾರನು ತನಗೆ ಇಲ್ಲದ ರಕ್ಷಣೆಯನ್ನು ಇದೆಯೆಂದು ನಂಬಿ ವೇಗ ಹೆಚ್ಚಿಸುವ ಅಪಾಯವಿದೆ.

2. ಮೋಟೋಕ್ರಾಸ್ ಮತ್ತು ಕರ್ನಾಟಕ

ಡಾಂಬರಿಲ್ಲದ, ದಿಬ್ಬ ಹಾಗೂ ನೆಗೆತಗಳುಳ್ಳ ಮಣ್ಣಿನ ಓಟಪಥದಲ್ಲಿ ಹಲವು ಸವಾರರು ಒಟ್ಟಿಗೆ ಹೊರಟು ನಡೆಸುವ ಸ್ಪರ್ಧೆಯೇ ಮೋಟೋಕ್ರಾಸ್. ಇದನ್ನೇ ಕ್ರೀಡಾಂಗಣದಂತಹ ಚಿಕ್ಕ ಜಾಗದಲ್ಲಿ, ಕೃತಕ ದಿಬ್ಬಗಳನ್ನು ನಿರ್ಮಿಸಿ ನಡೆಸಿದರೆ ಸೂಪರ್‌ಕ್ರಾಸ್ ಎನ್ನುತ್ತಾರೆ. ಭಾರತದಲ್ಲಿ ಈ ಕ್ರೀಡೆಯ ಮಾನ್ಯತೆ ಪಡೆದ ಆಡಳಿತ ಸಂಸ್ಥೆಯು ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟ (ಎಫ್‌ಎಂಎಸ್‌ಸಿಐ) ಆಗಿದ್ದು, ಅದು ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದ (ಎಫ್‌ಐಎಂ) ಸದಸ್ಯ ಸಂಸ್ಥೆಯಾಗಿದೆ.

ಈ ಕ್ರೀಡೆಯಲ್ಲಿ ಕರ್ನಾಟಕದ ಸ್ಥಾನ ಹಿರಿದು. ಸೂಪರ್‌ಕ್ರಾಸ್‌ನಲ್ಲಿ ಪಳಗಿದ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು 2015ರ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಅವರು ಸ್ಥಾಪಿಸಿದ ಬಿಗ್ ರಾಕ್ ಡರ್ಟ್ ಪಾರ್ಕ್ ಎಂಬ ತರಬೇತಿ ಕೇಂದ್ರವು ಕೋಲಾರ ಜಿಲ್ಲೆಯಲ್ಲಿಯೇ ಇದೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರು 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಪ್ರಥಮ ಸ್ಥಾನ ಪಡೆದರು. ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊದಲ ಆವೃತ್ತಿಯ ಒಂದು ಸುತ್ತು 2024ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆಯಿತು.

3. ಕಾನೂನು ಏನನ್ನು ಹೇಳುತ್ತದೆ

(ಅ) ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 129ರ ಮೇರೆಗೆ ದ್ವಿಚಕ್ರ ವಾಹನದಲ್ಲಿ ಸಾಗುವ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಮಾನಕಕ್ಕೆ ಅನುಗುಣವಾದ ಹೆಲ್ಮೆಟ್ ಧರಿಸತಕ್ಕದ್ದು. ಹೆಲ್ಮೆಟ್ ಐಎಸ್ 4151 ಮಾನಕದಂತಿದ್ದು ಐಎಸ್‌ಐ ಗುರುತು ಹೊಂದಿರಬೇಕು. ಎದೆಗವಚ ಅಥವಾ ಬೆನ್ನುಗವಚದ ಬಗ್ಗೆ ಈ ಕಲಂನಲ್ಲಿ ಯಾವುದೇ ಉಲ್ಲೇಖವಿಲ್ಲ. ಆದ್ದರಿಂದ ಕವಚವಿಲ್ಲದ ಸವಾರನನ್ನು ತಡೆದು ನಿಲ್ಲಿಸುವ ಹೊಣೆ ರಸ್ತೆಯ ಮೇಲಿನ ಅಧಿಕಾರಿಯದಲ್ಲ. ಅದು ಸವಾರನ, ಪೋಷಕರ ಮತ್ತು ಆಯೋಜಕರ ಹೊಣೆಯಾಗಿ ಉಳಿಯುತ್ತದೆ.

(ಆ) ಕಲಂ 189ರ ಮೇರೆಗೆ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನಗಳ ಓಟ ಅಥವಾ ವೇಗಪರೀಕ್ಷೆ ನಡೆಸುವುದು ಮತ್ತು ಅದರಲ್ಲಿ ಭಾಗವಹಿಸುವುದು ಶಿಕ್ಷಾರ್ಹ ಅಪರಾಧವಾಗಿದೆ. ಊರ ಹಬ್ಬ, ಜಾತ್ರೆಗಳ ಸಂದರ್ಭವೆಂಬ ಕಾರಣಕ್ಕೆ ಇದರಿಂದ ವಿನಾಯಿತಿ ದೊರೆಯುವುದಿಲ್ಲ.

(ಇ) ಸ್ಪರ್ಧೆಗೆಂದೇ ತಯಾರಾದ ಮೋಟೋಕ್ರಾಸ್ ವಾಹನಗಳಿಗೆ ಸಾಮಾನ್ಯವಾಗಿ ದೀಪ, ಕನ್ನಡಿ ಮತ್ತು ನೋಂದಣಿ ಇರುವುದಿಲ್ಲ. ಕಲಂ 39ರ ಮೇರೆಗೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಇಂತಹ ವಾಹನವನ್ನು ಓಟಪಥದವರೆಗೆ ಬೇರೆ ವಾಹನದ ಮೇಲೆ ಹೇರಿಕೊಂಡು ಒಯ್ಯತಕ್ಕದ್ದು.

(ಈ) ಅಪ್ರಾಪ್ತ ವಯಸ್ಕರು ರಸ್ತೆಯಲ್ಲಿ ವಾಹನ ಓಡಿಸಿ ಅಪರಾಧವೆಸಗಿದಲ್ಲಿ, 2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 199ಎ ಮೇರೆಗೆ ಪೋಷಕರು ಅಥವಾ ವಾಹನದ ಮಾಲೀಕರು ಮೂರು ವರ್ಷಗಳವರೆಗಿನ ಕಾರಾವಾಸ ಮತ್ತು ರೂ. 25,000 ದಂಡಕ್ಕೆ ಗುರಿಯಾಗುತ್ತಾರೆ.

4. ಎದೆಗೆ ಪೆಟ್ಟು ಬೀಳುವ ಬಗೆ

ಮೋಟೋಕ್ರಾಸ್‌ನಲ್ಲಿ ಮೇಲ್ದೇಹಕ್ಕೆ ಆಗುವ ಪೆಟ್ಟುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಮುಂದಿರುವ ವಾಹನದ ಹಿಂಚಕ್ರದಿಂದ ಸಿಡಿಯುವ ಕಲ್ಲು ಮತ್ತು ಮಣ್ಣಿನ ಹೆಂಟೆ. ಉಬ್ಬುಗಳಿರುವ ಟೈರು ನೆಲವನ್ನು ಅಗೆದು ಹಿಂದಕ್ಕೆ ಎಸೆಯುತ್ತದೆ. ಹಿಂದಿನಿಂದ ವೇಗವಾಗಿ ಬರುವ ಸವಾರನ ಎದೆಗೆ ಅದು ಎರಡೂ ವೇಗಗಳ ಬಲದಿಂದ ಬಡಿಯುತ್ತದೆ.

ಎರಡನೆಯದು, ತನ್ನದೇ ವಾಹನದ ಹ್ಯಾಂಡಲ್. ನೆಗೆತದಿಂದ ತಪ್ಪಾಗಿ ಇಳಿದಾಗ ಸವಾರನ ಎದೆ ಅಥವಾ ಹೊಟ್ಟೆ ಹ್ಯಾಂಡಲ್ ಮೇಲೆ ಅಪ್ಪಳಿಸುತ್ತದೆ. ಚಿಕ್ಕ ಜಾಗದ ಮೇಲೆ ಬೀಳುವ ಈ ಪೆಟ್ಟಿಗೆ ಪಕ್ಕೆಲುಬು ಮುರಿಯಬಹುದು. ಒಳಗಿನ ಯಕೃತ್ತು, ಗುಲ್ಮ, ಮೇದೋಜೀರಕ ಗ್ರಂಥಿಗಳು ಸೀಳಬಹುದು.

ಮೂರನೆಯದು, ನೆಲಕ್ಕೆ ಅಥವಾ ಕಲ್ಲಿಗೆ ಬೀಳುವುದು. ಮುರಿದ ಪಕ್ಕೆಲುಬಿನ ತುದಿ ಶ್ವಾಸಕೋಶವನ್ನು ಚುಚ್ಚಿದಲ್ಲಿ ಗಾಳಿಯು ಎದೆಗೂಡಿನೊಳಗೆ ಸೋರಿ ಶ್ವಾಸಕೋಶ ಕುಗ್ಗುತ್ತದೆ.

ನಾಲ್ಕನೆಯದು, ಬಿದ್ದ ಸವಾರನ ಮೇಲೆ ಹಿಂದಿನ ವಾಹನ ಹರಿಯುವುದು. ದಿಬ್ಬದ ಆಚೆ ಬಿದ್ದವನು ಹಿಂದೆ ಬರುವವನ ಕಣ್ಣಿಗೆ ಕಾಣುವುದಿಲ್ಲ. ಹಲವರು ಒಟ್ಟಿಗೆ ಓಡಿಸುವ ಈ ಕ್ರೀಡೆಯಲ್ಲಿ ಎದೆಯಷ್ಟೇ ಬೆನ್ನಿಗೂ ಕವಚ ಬೇಕೆನ್ನುವುದಕ್ಕೆ ಇದೇ ಮುಖ್ಯ ಕಾರಣ.

5. ಕವಚಗಳ ವಿಧ ಮತ್ತು ಮಾನಕಗಳು

ಮಾರುಕಟ್ಟೆಯಲ್ಲಿ ದೊರೆಯುವ ಉತ್ತಮ ಕವಚಗಳ ಮೇಲೆ ಸಾಮಾನ್ಯವಾಗಿ ಯುರೋಪಿನ ಮಾನಕದ ಸಂಖ್ಯೆ ಮುದ್ರಿತವಾಗಿರುತ್ತದೆ. ಕೊಳ್ಳುವ ಮುನ್ನ ಒಳಭಾಗದ ಪಟ್ಟಿಯಲ್ಲಿ ಈ ಸಂಖ್ಯೆಯನ್ನು ಓದಿಕೊಳ್ಳತಕ್ಕದ್ದು.

ಇಎನ್ 14021: ಇದು ಕಲ್ಲುತಡೆ ಕವಚದ ಮಾನಕ. ಡಾಂಬರಿಲ್ಲದ ನೆಲದ ಸವಾರಿಯಲ್ಲಿ ಸಿಡಿಯುವ ಕಲ್ಲು ಮತ್ತು ಮಣ್ಣಿನಿಂದ ರಕ್ಷಿಸಲು ಮಾತ್ರ ಉದ್ದೇಶಿಸಲಾಗಿದೆ. ಗಟ್ಟಿ ಪ್ಲಾಸ್ಟಿಕ್ಕಿನ, ನೋಡಲು ಬಲಿಷ್ಠವಾಗಿ ಕಾಣುವ ಅನೇಕ ಕವಚಗಳು ಈ ವರ್ಗಕ್ಕೆ ಸೇರುತ್ತವೆ.

ಇಎನ್ 1621-3: ಇದು ಎದೆಗೆ ಬೀಳುವ ಪೆಟ್ಟನ್ನು ತಗ್ಗಿಸುವ ಕವಚದ ಮಾನಕ. ಇದರಲ್ಲಿ ಹಂತ 1 ಮತ್ತು ಹಂತ 2 ಎಂಬ ಎರಡು ದರ್ಜೆಗಳಿವೆ. ಹಂತ 2 ಹೆಚ್ಚಿನ ರಕ್ಷಣೆ ನೀಡುತ್ತದೆ.

ಇಎನ್ 1621-2: ಇದು ಬೆನ್ನುಗವಚದ ಮಾನಕ. 50 ಜೌಲ್ ಶಕ್ತಿಯ, ಎಂದರೆ 5 ಕೆ.ಜಿ. ತೂಕವನ್ನು ಸುಮಾರು 1 ಮೀಟರ್ ಎತ್ತರದಿಂದ ಬೀಳಿಸಿದಷ್ಟು ಪೆಟ್ಟನ್ನು ಕೊಟ್ಟು ಕವಚವನ್ನು ಪರೀಕ್ಷಿಸುತ್ತಾರೆ. ಕವಚವನ್ನು ದಾಟಿ ಒಳಗೆ ತಲುಪುವ ಬಲದ ಸರಾಸರಿಯು ಹಂತ 1ರಲ್ಲಿ 18 ಕಿಲೋನ್ಯೂಟನ್, ಹಂತ 2ರಲ್ಲಿ 9 ಕಿಲೋನ್ಯೂಟನ್ ಮೀರಬಾರದು. ಎಂದರೆ ಹಂತ 2ರ ಕವಚ ಅರ್ಧದಷ್ಟು ಬಲವನ್ನು ಮಾತ್ರ ಒಳಗೆ ಬಿಡಬಹುದು.

ಇಎನ್ 1621-1: ಭುಜ, ಮೊಣಕೈ, ಮೊಣಕಾಲು ಮುಂತಾದ ಅಂಗಗಳ ಕವಚದ ಮಾನಕ.

ಇಎನ್ 1621-4: ಗಾಳಿಚೀಲದ ಅಂಗಿಗಳ ಮಾನಕ. ಬೀಳುವ ಕ್ಷಣದಲ್ಲಿ ಇವು ಉಬ್ಬಿ ಎದೆ, ಬೆನ್ನುಗಳನ್ನು ಆವರಿಸುತ್ತವೆ. ಮೋಟೋಜಿಪಿ ಸ್ಪರ್ಧೆಯಲ್ಲಿ 2018ರಿಂದ, ಡಕಾರ್ ರ‍್ಯಾಲಿಯಲ್ಲಿ 2021ರಿಂದ ಸವಾರರಿಗೆ ಗಾಳಿಚೀಲ ಕಡ್ಡಾಯವಾಗಿದೆ. ರಸ್ತೆ ಸವಾರಿಗೆಂದು ತಯಾರಾದ ಗಾಳಿಚೀಲವು ಮೋಟೋಕ್ರಾಸ್‌ನ ನೆಗೆತ, ಕುಲುಕಾಟಗಳಿಗೆ ಹೊಂದದಿರಬಹುದು. ಮಣ್ಣಿನ ಓಟಕ್ಕೆ ತಕ್ಕುದೆಂದು ತಯಾರಕರು ಸೂಚಿಸಿರುವುದನ್ನು ಮಾತ್ರ ಬಳಸತಕ್ಕದ್ದು.

ಕವಚವು ಪೆಟ್ಟನ್ನು ಮಾಯ ಮಾಡುವುದಿಲ್ಲ. ಒಂದೆಡೆ ಬೀಳುವ ಬಲವನ್ನು ಅಗಲವಾದ ಜಾಗಕ್ಕೆ ಹರಡುತ್ತದೆ ಮತ್ತು ಪೆಟ್ಟಿನ ಅವಧಿಯನ್ನು ತುಸು ಹೆಚ್ಚಿಸಿ ಅದರ ತೀವ್ರತೆಯನ್ನು ತಗ್ಗಿಸುತ್ತದೆ. ಒಳಗೆ ಮೆತ್ತೆಯಿಲ್ಲದ ಬರಿಯ ಪ್ಲಾಸ್ಟಿಕ್ ಹಲಗೆ ಬಲವನ್ನು ಹರಡಬಹುದಾದರೂ ಹೀರಿಕೊಳ್ಳಲಾರದು.

6. ಕವಚದ ಮಿತಿಗಳು

ರಾಜ್ಯದ ಇಬ್ಬರು ಪ್ರಸಿದ್ಧ ಸವಾರರ ಅನುಭವಗಳು ಈ ವಿಷಯದಲ್ಲಿ ಗಮನಾರ್ಹವಾಗಿವೆ.

ಐಶ್ವರ್ಯಾ ಪಿಸ್ಸೆ ಅವರಿಗೆ 2017ರಲ್ಲಿ ಕಾಲರ್ ಬೋನ್ ಮುರಿದಿತ್ತು. 2018ರಲ್ಲಿ ಸ್ಪೇನ್ ದೇಶದ ಬಾಹಾ ಸ್ಪರ್ಧೆಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ತೀವ್ರ ಗಾಯವಾಯಿತು. ಇವೆರಡೂ ಮೇಲ್ದೇಹದ ಗಾಯಗಳೇ ಆದರೂ ಎದೆಗವಚದ ಹರವಿನ ಅಂಚಿನಲ್ಲಿ ಬರುವಂಥವು. ಬೀಳುವಾಗ ಕೈಯೂರಿದರೆ ಬಲವು ತೋಳಿನ ಮೂಲಕ ಭುಜಕ್ಕೇರಿ ಕಾಲರ್ ಬೋನನ್ನು ಮುರಿಯುತ್ತದೆ. ಮೇಲಿನಿಂದ ಹೊದಿಸಿದ ಕವಚ ಇದನ್ನು ತಡೆಯಲಾರದು. ಮೇದೋಜೀರಕ ಗ್ರಂಥಿಯು ಪಕ್ಕೆಲುಬುಗಳ ಕೆಳ ಅಂಚಿನ ಬಳಿ ಹೊಟ್ಟೆಯ ಹಿಂಭಾಗದಲ್ಲಿದೆ. ಬಹುತೇಕ ಎದೆಗವಚಗಳು ಅಲ್ಲಿಗಿಂತ ಮೇಲೆಯೇ ಮುಗಿಯುತ್ತವೆ. ಗಾಯಗಳಿಂದ ಚೇತರಿಸಿಕೊಂಡ ಬಳಿಕವೇ ಅವರು 2019ರ ವಿಶ್ವಕಪ್ ಗೆದ್ದರು ಎಂಬುದೂ ಇಲ್ಲಿ ಸ್ಮರಣೀಯ.

ಸಿ.ಎಸ್. ಸಂತೋಷ್ ಅವರು 2021ರ ಜನವರಿ 6ರಂದು ಸೌದಿ ಅರೇಬಿಯಾದಲ್ಲಿ ಡಕಾರ್ ರ‍್ಯಾಲಿಯ ನಾಲ್ಕನೆಯ ಹಂತದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧಿಯಿಂದ ಪ್ರಜ್ಞಾಹೀನ ಸ್ಥಿತಿಯಲ್ಲಿರಿಸಿ ಚಿಕಿತ್ಸೆ ನೀಡಬೇಕಾಯಿತು. ಅವರು ಬದುಕಿ ಚೇತರಿಸಿಕೊಂಡರು. ಗಾಳಿಚೀಲದ ಅಂಗಿ ಕಡ್ಡಾಯವಾಗಿದ್ದ ಮೊದಲ ವರ್ಷವೇ ಅದಾಗಿತ್ತು. ಎದೆಗೆ ಎಷ್ಟೇ ಉತ್ತಮ ರಕ್ಷಣೆಯಿದ್ದರೂ ತಲೆಯ ಅಪಾಯ ಬೇರೆಯಾಗಿಯೇ ಉಳಿಯುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಆದ್ದರಿಂದ ಕವಚವನ್ನು ಹೆಲ್ಮೆಟ್ಟಿಗೆ ಬದಲಾಗಿಯೂ, ತರಬೇತಿಗೆ ಬದಲಾಗಿಯೂ ಪರಿಗಣಿಸಬಾರದು.

7. ಆಯ್ಕೆ ಮತ್ತು ಧರಿಸುವ ಕ್ರಮ

- ಎದೆಗವಚವು ಕಾಲರ್ ಬೋನಿನ ಕೆಳಗಿನಿಂದ ಎದೆಮೂಳೆಯ ಕೊನೆಯವರೆಗೆ ಆವರಿಸಿರಬೇಕು. ಬೆನ್ನುಗವಚದ ಅಳತೆಯನ್ನು ಎತ್ತರಕ್ಕಲ್ಲದೆ ಸೊಂಟದಿಂದ ಭುಜದವರೆಗಿನ ಉದ್ದಕ್ಕೆ ತಕ್ಕಂತೆ ಆರಿಸತಕ್ಕದ್ದು.
- ಪಟ್ಟಿಗಳನ್ನು ಬಿಗಿದ ನಂತರ ವಾಹನದ ಮೇಲೆ ನಿಂತು, ಕುಳಿತು, ಎರಡೂ ಕಡೆ ಹೊರಳಿ ನೋಡಬೇಕು. ಕವಚ ಮೇಲೆ ಸರಿದು ಗಂಟಲನ್ನು ಒತ್ತಿದಲ್ಲಿ ಅಥವಾ ಹೆಲ್ಮೆಟ್ಟಿಗೆ ತಾಗಿದಲ್ಲಿ ಆ ಅಳತೆ ಸರಿಯಿಲ್ಲ.
- ಕತ್ತಿನ ಪಟ್ಟಿ ಧರಿಸುವವರು ಅದರೊಡನೆ ಹೊಂದುವ ಎದೆಗವಚವನ್ನೇ ಕೊಳ್ಳತಕ್ಕದ್ದು.
- ಪೆಟ್ಟು ಹೀರುವ ಮೆತ್ತೆಗಳಲ್ಲಿ ಕೆಲವು ಬಿಸಿಲಿಗೆ ಮೆದುವಾಗುತ್ತವೆ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ಪರೀಕ್ಷೆಗೊಳಗಾದ ಕವಚದ ಮೇಲೆ ‘ಟಿ’ ಅಕ್ಷರದೊಡನೆ ಕೂಡಿಸು ಚಿಹ್ನೆ (+) ಇರುತ್ತದೆ. ಬಯಲುಸೀಮೆಯ ಬೇಸಿಗೆಗೆ ಇಂತಹದು ಸೂಕ್ತ.
- ಗಾಳಿಯಾಡುವ ರಂಧ್ರಗಳಿರುವ ಕವಚವನ್ನು ಆರಿಸಿ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಅಭ್ಯಾಸ ಮಾಡುವುದು ಲೇಸು. ಸೆಕೆಯ ಕಾರಣಕ್ಕೆ ಕವಚವನ್ನು ಕಳಚಿ ಓಡಿಸುವುದು ಸಲ್ಲದು.
- ಬಿರುಕು ಬಿಟ್ಟ, ಮೆತ್ತೆ ಚಪ್ಪಟೆಯಾದ ಅಥವಾ ಒಮ್ಮೆ ಬಲವಾದ ಪೆಟ್ಟು ತಿಂದ ಕವಚವನ್ನು ಬದಲಾಯಿಸತಕ್ಕದ್ದು.
- ಬಕಲ್‌ಗಳು ಕೆಲವೇ ಕ್ಷಣಗಳಲ್ಲಿ ಬಿಚ್ಚುವಂತಿರಬೇಕು. ಇದರ ಅಗತ್ಯವನ್ನು ಕ್ರಮ ಸಂಖ್ಯೆ 11ರಲ್ಲಿ ವಿವರಿಸಲಾಗಿದೆ.

ಹಣ ಸೀಮಿತವಾಗಿದ್ದಲ್ಲಿ ಮೊದಲು ಹೆಲ್ಮೆಟ್, ಕನ್ನಡಕ, ಕೈಗವಸು ಮತ್ತು ಬೂಟುಗಳನ್ನೂ, ಅವುಗಳೊಡನೆ ಎದೆ ಮತ್ತು ಬೆನ್ನಿನ ಪೆಟ್ಟುತಡೆ ಕವಚವನ್ನೂ ಕೊಳ್ಳತಕ್ಕದ್ದು. ವಾಹನದ ಸೈಲೆನ್ಸರ್, ಅಲಂಕಾರ ಇತ್ಯಾದಿಗಳ ವೆಚ್ಚ ಇವೆಲ್ಲದರ ನಂತರದ್ದು.

8. ಮಕ್ಕಳ ವಿಷಯದಲ್ಲಿ ಪೋಷಕರ ಗಮನಕ್ಕೆ

ಮಕ್ಕಳ ಪಕ್ಕೆಲುಬುಗಳು ಮೃದುವಾಗಿದ್ದು ಮುರಿಯದೆ ಬಾಗುತ್ತವೆ. ಹೀಗಾಗಿ ಮೂಳೆ ಮುರಿಯದಿದ್ದರೂ ಒಳಗಿನ ಶ್ವಾಸಕೋಶ, ಯಕೃತ್ತು, ಗುಲ್ಮಗಳಿಗೆ ಗಾಯವಾಗಿರಬಹುದು. ಹೊರಗೆ ತರಚು ಗಾಯವೂ ಕಾಣದಿರುವ ಸಂದರ್ಭಗಳುಂಟು. ಆದುದರಿಂದ ಬಿದ್ದ ಮಗು ಎದ್ದು ನಡೆದಾಡಿತೆಂಬ ಕಾರಣಕ್ಕೆ ಏನೂ ಆಗಿಲ್ಲವೆಂದು ತಿಳಿಯಬಾರದು.

ಬೆಳೆಯುವ ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಅಳತೆಯ ಬಟ್ಟೆ ಕೊಳ್ಳುವುದು ಮನೆಗಳಲ್ಲಿ ರೂಢಿ. ಕವಚದ ವಿಷಯದಲ್ಲಿ ಈ ರೂಢಿ ಅಪಾಯಕಾರಿ. ಸಡಿಲವಾದ ಕವಚ ಬೀಳುವಾಗ ಜರುಗಿ, ಕಾಪಾಡಬೇಕಾದ ಭಾಗವನ್ನೇ ತೆರೆದಿಡುತ್ತದೆ. ಅಣ್ಣನ ಹಳೆಯ ಕವಚವನ್ನು ತಮ್ಮನಿಗೆ ಕೊಡುವ ಮುನ್ನ ಅಳತೆ ಮತ್ತು ಸ್ಥಿತಿಯನ್ನು ಪರೀಕ್ಷಿಸಬೇಕು.

9. ಸ್ಥಳದ ಆಯ್ಕೆ: ಕೆ.ಜಿ.ಎಫ್. ಮತ್ತು ಕಾಮಸಮುದ್ರ

ಕೆ.ಜಿ.ಎಫ್. ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿಗಾರಿಕೆಯ ಕಾಲದಲ್ಲಿ ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯು ಇಂದಿಗೂ ಬೃಹತ್ ದಿಬ್ಬಗಳಾಗಿ ನಿಂತಿದೆ. ಜನರು ಇವನ್ನು ಸೈನೈಡ್ ಗುಡ್ಡಗಳೆಂದು ಕರೆಯುತ್ತಾರೆ. ಮೋಟೋಕ್ರಾಸ್‌ಗೆ ಹೇಳಿ ಮಾಡಿಸಿದಂತೆ ಕಾಣುವ ಈ ದಿಬ್ಬಗಳ ಮೇಲೆ ಅನುಮತಿಯಿಲ್ಲದೆ ವಾಹನ ಓಡಿಸಬಾರದು. ಇವುಗಳ ನುಣುಪು ಧೂಳಿನಲ್ಲಿ ಸಿಲಿಕಾ ಅಂಶವಿದ್ದು, ಅದನ್ನು ದೀರ್ಘಕಾಲ ಉಸಿರಾಡಿದಲ್ಲಿ ಶ್ವಾಸಕೋಶದ ಸಿಲಿಕೋಸಿಸ್ ಕಾಯಿಲೆ ಬರುತ್ತದೆ. ಗಣಿ ಕಾರ್ಮಿಕರ ಕುಟುಂಬಗಳಿಗೆ ಈ ಕಾಯಿಲೆಯ ಹೆಸರು ಹೊಸದಲ್ಲ. ಎದೆಯ ಹೊರಗೆ ಕಟ್ಟಿದ ಕವಚ ಎದೆಯ ಒಳಗೆ ಹೋಗುವ ಧೂಳನ್ನು ತಡೆಯುವುದಿಲ್ಲ.

ಕಾಮಸಮುದ್ರ ಹೋಬಳಿಯ ಅರಣ್ಯವು ಆಂಧ್ರಪ್ರದೇಶ ಮತ್ತು ತಮಿಳುನಾಡು ಗಡಿಯ ಕಡೆಗೆ ಚಾಚಿದ್ದು, ಕಾಡಾನೆಗಳು ಸಂಚರಿಸುವ ಪ್ರದೇಶವಾಗಿದೆ. ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಮೇರೆಗೆ ಅಪರಾಧ. ಇದಲ್ಲದೆ ಕಾಡುದಾರಿಯಲ್ಲಿ ಒಂಟಿಯಾಗಿ ಬಿದ್ದ ಸವಾರನಿಗೆ ಆಂಬ್ಯುಲೆನ್ಸ್ ತಲುಪುವುದು ಕಷ್ಟ. ಆದ್ದರಿಂದ ಅಭ್ಯಾಸವನ್ನು ಭೂಮಾಲೀಕರ ಒಪ್ಪಿಗೆಯುಳ್ಳ, ವಾಹನ ತಲುಪಬಲ್ಲ ಖಾಸಗಿ ಜಾಗದಲ್ಲಿ ಅಥವಾ ತರಬೇತಿ ಕೇಂದ್ರದಲ್ಲಿ, ಕನಿಷ್ಠ ಇನ್ನೊಬ್ಬರ ಸಮ್ಮುಖದಲ್ಲಿ ನಡೆಸತಕ್ಕದ್ದು.

10. ಸ್ಪರ್ಧೆಗೆ ಅನುಮತಿ ಕೋರುವ ಆಯೋಜಕರಿಗೆ ಸಲಹೆ

ಅರ್ಜಿದಾರರು ತಮ್ಮ ಮನವಿಯಲ್ಲಿ ಸ್ಥಳದ ಮಾಲೀಕರ ಒಪ್ಪಿಗೆ, ಓಟಪಥದ ನಕ್ಷೆ, ಪ್ರೇಕ್ಷಕರು ನಿಲ್ಲುವ ಜಾಗ ಮತ್ತು ಆಂಬ್ಯುಲೆನ್ಸ್ ಹೊರಹೋಗುವ ದಾರಿಯನ್ನು ಸ್ಪಷ್ಟವಾಗಿ ತೋರಿಸುವುದು ಸೂಕ್ತ. ಧ್ವನಿವರ್ಧಕ ಬಳಸುವುದಾದಲ್ಲಿ ಶಬ್ದ ಮಾಲಿನ್ಯ ನಿಯಮಗಳು, 2000ರ ಮೇರೆಗೆ ಪ್ರತ್ಯೇಕ ಲಿಖಿತ ಅನುಮತಿ ಅಗತ್ಯ.

ಸವಾರರ ಪ್ರವೇಶ ನಿಯಮಗಳಲ್ಲಿ “ಎದೆಗವಚ ಕಡ್ಡಾಯ” ಎಂದಷ್ಟೇ ಬರೆಯದೆ, ಯಾವ ಮಾನಕದ ಕವಚವೆಂದು ನಮೂದಿಸಬೇಕು. ಹಾಗೆ ನಮೂದಿಸದಿದ್ದಲ್ಲಿ ಕಲ್ಲುತಡೆ ಕವಚವೂ ಪೆಟ್ಟುತಡೆ ಕವಚವೂ ಒಂದೇ ಎಂದಾಗುತ್ತದೆ. ಓಟಕ್ಕೆ ಮುನ್ನ ವಾಹನಗಳನ್ನು ಪರೀಕ್ಷಿಸುವ ಮೇಜಿನ ಬಳಿಯಲ್ಲಿಯೇ ಕವಚಗಳನ್ನೂ ಪರೀಕ್ಷಿಸತಕ್ಕದ್ದು. ಪ್ರತಿ ದಿಬ್ಬದ ಬಳಿ, ಆಚೆ ಬಿದ್ದವರನ್ನು ಕಂಡು ಹಳದಿ ಬಾವುಟ ಬೀಸಬಲ್ಲ ಸಿಬ್ಬಂದಿಯನ್ನು ನಿಲ್ಲಿಸತಕ್ಕದ್ದು. ಬಿದ್ದವನ ಮೇಲೆ ಮತ್ತೊಂದು ವಾಹನ ಹರಿಯದಂತೆ ತಡೆಯುವಲ್ಲಿ ಈ ಬಾವುಟವು ಯಾವ ಕವಚಕ್ಕಿಂತಲೂ ಹೆಚ್ಚಿನದು.

11. ಸವಾರರು ಬಿದ್ದ ಸಂದರ್ಭದಲ್ಲಿ

- ಮೊದಲು ಇತರ ವಾಹನಗಳನ್ನು ನಿಲ್ಲಿಸಿ, ನಂತರ 108 ಅಥವಾ 112ಕ್ಕೆ ಕರೆ ಮಾಡಿ. ಇರುವ ಸ್ಥಳ, ಹತ್ತಿರದ ಊರು ಮತ್ತು ದಾರಿಯ ಗುರುತನ್ನು ತಿಳಿಸಿ.
- ಬಿದ್ದವರನ್ನು ಎಳೆದು ಕೂರಿಸಬೇಡಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದಲ್ಲಿ ಹೆಲ್ಮೆಟ್ ತೆಗೆಯಬೇಡಿ.
- ಪ್ರಜ್ಞೆ ತಪ್ಪಿದ್ದು ಉಸಿರಾಟವೂ ಸಹಜವಾಗಿಲ್ಲದಿದ್ದಲ್ಲಿ ಎದೆಗವಚದ ಬಕಲ್ ಬಿಚ್ಚಿ ಅಥವಾ ಪಟ್ಟಿ ಕತ್ತರಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರಿ. ಎದೆಯ ಮೇಲೆ ಬಿದ್ದ ಒಂದೇ ಪೆಟ್ಟಿಗೆ, ಮೂಳೆ ಮುರಿಯದಿದ್ದರೂ, ಹೃದಯದ ಬಡಿತ ಲಯ ತಪ್ಪಿ ನಿಲ್ಲುವುದುಂಟು. ಆಗ ಪ್ರತಿ ನಿಮಿಷವೂ ಅಮೂಲ್ಯ.
- ಉಸಿರಾಡಲು ಕಷ್ಟ, ಹೊಟ್ಟೆ ಬಿಗಿತ, ಎಡ ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ಮೂತ್ರದಲ್ಲಿ ರಕ್ತ, ಬೆವರು ಮತ್ತು ತಲೆಸುತ್ತು ಇವುಗಳಲ್ಲಿ ಯಾವುದೇ ಒಂದು ಕಂಡರೂ, ಬಿದ್ದು ಹಲವು ಗಂಟೆಗಳಾಗಿದ್ದರೂ, ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ತಿನ್ನಲು, ಕುಡಿಯಲು ಏನನ್ನೂ ಕೊಡಬೇಡಿ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಭ್ಯಾಸದ ದಿನವೂ ಎದೆಗವಚ ಬೇಕೇ?
ಉತ್ತರ: ಬೇಕು. ಸ್ಪರ್ಧೆಯ ದಿನ ವೈದ್ಯರು, ಬಾವುಟದ ಸಿಬ್ಬಂದಿ, ಆಂಬ್ಯುಲೆನ್ಸ್ ಇರುತ್ತಾರೆ. ಅಭ್ಯಾಸದ ದಿನ ಸವಾರನ ಬಳಿ ಇರುವುದು ಆತನ ಕವಚ ಮಾತ್ರ.

ಪ್ರಶ್ನೆ: ಕವಚದಿಂದ ಮೈ ತಿರುಗಿಸಲು ಕಷ್ಟವಾಗಿ ಬೀಳುವ ಸಾಧ್ಯತೆಯೇ ಹೆಚ್ಚಲ್ಲವೇ?
ಉತ್ತರ: ಅಳತೆ ತಪ್ಪಿದ ಕವಚದಿಂದ ಹಾಗಾಗಬಹುದು. ಸರಿಯಾದ ಅಳತೆಯದನ್ನು ಧರಿಸಿ ಕೆಲವು ದಿನ ನಿಧಾನವಾಗಿ ಅಭ್ಯಾಸ ಮಾಡಿದಲ್ಲಿ ಮೈಗೆ ಒಗ್ಗುತ್ತದೆ.

ಪ್ರಶ್ನೆ: ವಾಹನದ ವಿಮೆಯಿಂದ ಪರಿಹಾರ ದೊರೆಯುತ್ತದೆಯೇ?
ಉತ್ತರ: ಸಾಮಾನ್ಯ ಮೋಟಾರು ವಿಮಾ ಪತ್ರಗಳು ಸಂಘಟಿತ ಓಟ ಮತ್ತು ವೇಗಪರೀಕ್ಷೆಯನ್ನು ವ್ಯಾಪ್ತಿಯಿಂದ ಹೊರಗಿಟ್ಟಿರುತ್ತವೆ. ಕೇಂದ್ರ ಸರ್ಕಾರವು 2025ರಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯು ರಸ್ತೆ ಅಪಘಾತಗಳಿಗೆ ಸಂಬಂಧಿಸಿದ್ದು. ಖಾಸಗಿ ಓಟಪಥದ ಅಭ್ಯಾಸಕ್ಕೆ ಅದನ್ನು ನೆಚ್ಚಿಕೊಳ್ಳಬಾರದು. ಕ್ರೀಡಾ ಅಪಘಾತವನ್ನು ಒಳಗೊಂಡ ಪ್ರತ್ಯೇಕ ವಿಮೆಯ ಬಗ್ಗೆ ವಿಚಾರಿಸುವುದು ಸೂಕ್ತ.

ಪ್ರಶ್ನೆ: ಸಾಮಾನ್ಯ ರಸ್ತೆ ಸವಾರರಿಗೂ ಇದು ಅನ್ವಯಿಸುತ್ತದೆಯೇ?
ಉತ್ತರ: ರಸ್ತೆ ಸವಾರರಿಗೆ ಕಾನೂನಿನಂತೆ ಹೆಲ್ಮೆಟ್ ಕಡ್ಡಾಯ. ಪೆಟ್ಟುತಡೆ ಮೆತ್ತೆಗಳಿರುವ ಜಾಕೆಟ್ ಧರಿಸುವುದು ದೂರದ ಪ್ರಯಾಣದಲ್ಲಿ ಅಪೇಕ್ಷಣೀಯ.

13. ಸಾರಾಂಶ

ಎದೆ ಮತ್ತು ಬೆನ್ನಿನ ಕವಚವನ್ನು ಪ್ರತಿ ಸವಾರಿಯಲ್ಲಿ ಧರಿಸಿ. ಅದರ ಮೇಲಿನ ಮಾನಕದ ಸಂಖ್ಯೆಯನ್ನು ಓದಿ. ಕಲ್ಲುತಡೆಯನ್ನು ಪೆಟ್ಟುತಡೆಯೆಂದು ತಿಳಿಯಬೇಡಿ. ಕಾಲರ್ ಬೋನ್, ಹೊಟ್ಟೆ ಮತ್ತು ತಲೆ ಅದರ ರಕ್ಷಣೆಯಿಂದ ಹೊರಗಿವೆ ಎಂಬುದನ್ನು ಮರೆಯದಿರಿ. ಕಾನೂನು ಕಡ್ಡಾಯಗೊಳಿಸದಿರುವ ಕಾರಣದಿಂದ ಕವಚದ ಅಗತ್ಯ ಕಡಿಮೆಯಾಗುವುದಿಲ್ಲ. ಪೋಷಕರು ಮಕ್ಕಳಿಗೆ ವಾಹನ ಕೊಡಿಸುವ ದಿನವೇ ಕವಚವನ್ನೂ ಕೊಡಿಸಬೇಕೆಂದು ಈ ಮೂಲಕ ಕೋರಲಾಗಿದೆ.